ಒಂದು ಚೀಟಿ ಮುಂದೆ

ಪೀಣ್ಯದ ಬ್ಯಾಂಕ್ ಶಾಖೆಯೊಂದರಲ್ಲಿ ನಾನು ಗುಮಾಸ್ತನಾಗಿದ್ದಾಗ ಕಂಪ್ಯೂಟರ್ ಇರಲಿಲ್ಲ. ಕಾರ್ಖಾನೆಗಳ ಸಂಬಳದ ದಿನ ಬಂತೆಂದರೆ ಲೆಡ್ಜರ್ ತಾಳೆ ನೋಡುವಷ್ಟರಲ್ಲಿ ರಾತ್ರಿ ಎಂಟು. ತಾಳೆಯಾಗದಿದ್ದರೆ ನಮ್ಮ ಹಿರಿಯ ಗುಮಾಸ್ತರು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸುತ್ತಿದ್ದರು. ಶೇಷ ಉಳಿಯದಿದ್ದರೆ, "ಯಾರೋ ಅಂಕಿ ಹಿಂದುಮುಂದು ಬರೆದಿದ್ದೀರಿ, ಹುಡುಕಿ" ಎನ್ನುತ್ತಿದ್ದರು. 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90 ಅಲ್ಲವೇ? ಹೆಚ್ಚು ಸಲ ಅವರ ಮಾತೇ ನಿಜವಾಗುತ್ತಿತ್ತು.

ಈ 9 ಜಾದೂಗಾರರಿಗೂ ಅನ್ನ ಹಾಕುತ್ತದೆಂದು ನನಗೆ ಗೊತ್ತಾದದ್ದು ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೆದಕುತ್ತಿದ್ದಾಗ. ದಾರದಲ್ಲಿ ಕಟ್ಟಿದ್ದ ‘ದಿ ಜಿಂಕ್ಸ್’ ಎಂಬ ಪತ್ರಿಕೆಯ ಕೆಲವು ಸಂಚಿಕೆಗಳು ಸಿಕ್ಕವು. ಅಮೆರಿಕದ ಜಾದೂಗಾರ ಆನಿಮನ್ 1934ರಿಂದ 1941ರವರೆಗೆ ಜಾದೂಗಾರರಿಗಾಗಿಯೇ ನಡೆಸಿದ ಪತ್ರಿಕೆ ಅದು. ಒಟ್ಟು 151 ಸಂಚಿಕೆ ಬಂದವು. ಅದು ಹೆಸರು ಮಾಡಿದ್ದು ಮನಸ್ಸು ಓದುವ ಆಟಗಳಿಂದ. ಅವಕ್ಕೆ ಬೇಕಾದ್ದು ಚೀಟಿ, ಲಕೋಟೆ, ಪೆನ್ಸಿಲ್. ಬ್ಯಾಂಕಿನಲ್ಲಿ ಅವಕ್ಕೇನು ಬರ!

ಮಕ್ಕಳೇ, 9ರ ಆಟವನ್ನು ಇವತ್ತೇ ಮಾಡಿ ನೋಡಿ. ಗೆಳೆಯನಿಗೆ ನಾಲ್ಕಂಕಿಯ ಒಂದು ಸಂಖ್ಯೆ ಬರೆಯಲು ಹೇಳಿ. 6283 ಬರೆದನೆನ್ನಿ. ಅದೇ ಅಂಕಿಗಳನ್ನು ಕಲಸಿ 3826 ಮಾಡಲಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಲಿ. ಬಂದದ್ದು 2457. ಸೊನ್ನೆ ಬಿಟ್ಟು ಬೇರೆ ಯಾವುದಾದರೂ ಒಂದು ಅಂಕಿ ಹೊಡೆದುಹಾಕಿ, ಉಳಿದವನ್ನು ಕೂಡಿ ಹೇಳಲಿ. 5 ಹೊಡೆದರೆ ಮೊತ್ತ 13. ಅದರ ಮುಂದೆ ಬರುವ 9ರ ಮಗ್ಗಿ 18. 18ರಲ್ಲಿ 13 ಕಳೆದರೆ 5! ಅವನು ಹೇಳಿದ ಮೊತ್ತವೇ 9ರ ಮಗ್ಗಿಯಲ್ಲಿದ್ದರೆ ಹೊಡೆದದ್ದು 9. ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರ ಲೆಕ್ಕದ ಶಕ್ತಿ ಅವರ ತಂದೆಯ ಕಣ್ಣಿಗೆ ಬಿದ್ದದ್ದೂ ಇಸ್ಪೀಟಿನ ಆಟ ಕಲಿಸುವಾಗಲೇ. ಅವರದು ನಿಜವಾದ ಲೆಕ್ಕ, ನಮ್ಮದು ಲೆಕ್ಕದ ನಾಟಕ.

ಆ ಕಟ್ಟನ್ನು ಹೋದ ವರ್ಷ ಮತ್ತೆ ಅಟ್ಟದಿಂದ ಇಳಿಸಬೇಕಾಯಿತು. ಎದುರು ಮನೆಯಾಕೆ ವಿತ್‌ಡ್ರಾವಲ್ ಫಾರಂ ಹಿಡಿದು ಬಂದರು. "ಅಣ್ಣ, ಇಪ್ಪತ್ತೈದು ಸಾವಿರಕ್ಕೆ ಬರ್ದುಕೊಡಿ."

ಏಕೆಂದು ಕೇಳಿದೆ. ಅವರ ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದ ಕೆಲಸ ಹೋಗಿತ್ತು. ಹಿಂದಿನ ಬೀದಿಯ ಮನೆಗೆ ಬಂದಿದ್ದ ಒಬ್ಬ ಎಲ್ಲರ ಕಷ್ಟವನ್ನೂ ಚೀಟಿಯಲ್ಲಿ ಬರೆಸಿ ಮಡಿಸಿಟ್ಟುಕೊಂಡನಂತೆ. ಒಂದೊಂದನ್ನೇ ಹಣೆಗೆ ಒತ್ತಿ ಓದದೆಯೇ ಹೇಳಿದನಂತೆ. ದೋಷ ಕಳೆಯಲು ಈ ಹಣ.

"ಹೇಳಿದ ಮೇಲೆ ಚೀಟಿ ಬಿಚ್ಚಿ ನೋಡ್ತಿದ್ನಾ?"

"ಹೂಂ, ಸರಿಯಾಗಿದೆಯಾ ಅಂತ."

"ಮೊದಲ ಚೀಟಿ ನಂದೇ ಅಂದೋರು ಯಾರು?"

"ಯಾರೋ ಹೊಸಬರು."

ಫಾರಂ ಬರೆಯಲಿಲ್ಲ. ನಾಳೆ ಸಂಜೆ ಬನ್ನಿ ಎಂದೆ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ನಮ್ಮದು ಸಮಿತಿಯಲ್ಲ, ನಾನು, ಮೊಮ್ಮಗಳು ಪುಟ್ಟಿ, ನೆರೆಹೊರೆಯ ನಾಲ್ವರು. ಎಲ್ಲರೂ ಚೀಟಿ ಬರೆದರು. ಪುಟ್ಟಿ ತನ್ನ ಚೀಟಿಯ ಮೂಲೆ ಮಡಿಸಿದ್ದಳು. ಅದನ್ನು ಕೊನೆಗೆ ಉಳಿಸಿಕೊಂಡೆ. ಬೇರೆ ಯಾರದೋ ಚೀಟಿಯನ್ನು ಹಣೆಗೆ ಒತ್ತಿ, "ಗಣಿತ ಪರೀಕ್ಷೆ ಭಯ" ಎಂದೆ. "ನಂದು ತಾತ!" ಎಂದು ಪುಟ್ಟಿ ಕೂಗಿದಳು. ಸರಿಯಿದೆಯೇ ಎಂದು ನೋಡುವವನಂತೆ ಬಿಚ್ಚಿದೆ. ಅದರಲ್ಲಿದ್ದದ್ದು ಪಕ್ಕದ ಮನೆಯವರ ಮಂಡಿನೋವು. ಮುಂದಿನ ಚೀಟಿ ಹಣೆಗೆ ಒತ್ತಿ ಮಂಡಿನೋವು ಹೇಳಿದೆ. ಹೀಗೆ ಸದಾ ಒಂದು ಚೀಟಿ ಮುಂದೆ. ಜಿಂಕ್ಸ್‌ನಲ್ಲಿ ಮತ್ತೆ ಮತ್ತೆ ಬರುವ ಉಪಾಯವೇ ಇದು. ಕೊನೆಗೆ ಎಲ್ಲ ಚೀಟಿಗಳನ್ನೂ ಹರಡಿ ಗುಟ್ಟು ಬಿಡಿಸಿಟ್ಟೆ.

ಉಳಿದವರು ನಕ್ಕರು. ಆಕೆ ನಗಲಿಲ್ಲ.

"ಹಾಗಾದ್ರೆ ಅವನು ಹೇಳಿದ್ದೆಲ್ಲ ನಾನೇ ಬರ್ದಿದ್ದಾ?"

"ಹೌದಮ್ಮ."

"ಮೂರು ತಿಂಗಳಲ್ಲಿ ಮಗನಿಗೆ ಕೆಲಸ ಸಿಗುತ್ತೆ ಅಂದ್ನಲ್ಲ, ಅದು?"

ನನ್ನ ಬಳಿ ಉತ್ತರವಿರಲಿಲ್ಲ. ಇಟ್ಟ ಕಾಫಿ ಹಾಗೇ ಆರಿತು. ಆಕೆ ಎದ್ದು ಹೋದ ಮೇಲೆ ಪುಟ್ಟಿ, "ತಾತ, ನಾವು ಹೇಳ್ಬಾರದಿತ್ತಾ?" ಎಂದಳು. ಹೇಳಲೇಬೇಕಿತ್ತು ಎಂದೆ. ಆದರೆ ನಾಲ್ಕು ಜನರ ಎದುರು ಬೇಡವಾಗಿತ್ತು. ಆಕೆಯೊಬ್ಬರನ್ನೇ ಕೂರಿಸಿಕೊಂಡು ಹೇಳಬಹುದಿತ್ತು. ಜಾದೂ ಆಡುವವನಿಗೆ ಚಪ್ಪಾಳೆಯ ಆಸೆ ಎಪ್ಪತ್ತರಲ್ಲೂ ಹೋಗುವುದಿಲ್ಲ, ನೋಡಿ.

ಎರಡು ವಾರ ಆಕೆ ನಮ್ಮ ಗೇಟಿನ ಕಡೆ ತಿರುಗಲಿಲ್ಲ. ಒಂದು ಭಾನುವಾರ ಮಗನನ್ನೇ ಕರೆದುಕೊಂಡು ಬಂದರು. "ದಿನಾ ಕೋಣೇಲೇ ಕೂತಿರ್ತಾನೆ ಅಣ್ಣ. ಪುಟ್ಟಿ ಬೀದೀಲಿ ಮಾಡ್ತಾಳಲ್ಲ, ಆ ಒಂಬತ್ತರ ಆಟ, ಇವನಿಗೂ ತೋರ್ಸಿ."

ಪುಟ್ಟಿ ಕಾಗದ, ಪೆನ್ಸಿಲ್ ತಂದಳು. ಹುಡುಗ ಎಂಜಿನಿಯರ್, ಎರಡನೇ ಸಲಕ್ಕೇ ಗುಟ್ಟು ಹಿಡಿದುಬಿಟ್ಟ. ಐದಂಕಿಯ ಸಂಖ್ಯೆ ಬರೆದು ಪುಟ್ಟಿಯನ್ನೇ ಕೇಳಿದ, "ಈಗ ಹೇಳು ನೋಡೋಣ." ಆಕೆ ಅಷ್ಟು ಹೊತ್ತಿಗೆ ಒಳಗೆ ನಮ್ಮ ಮನೆಯವರ ಜೊತೆ ಕಾಫಿಗೆ ಕೂತಿದ್ದರು.