ಗೃಹಜ್ಯೋತಿ: ಎಲ್ಲ ಮನೆಗೂ 200 ಯೂನಿಟ್ ಉಚಿತವೇ?

‘200 ಯೂನಿಟ್ ಒಳಗಿದ್ದರೆ ಬಿಲ್ ಸೊನ್ನೆ’ ಎಂದು ನಂಬಿದರೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಆಶ್ರಯ ಮನೆಗಳವರಿಗೂ ಬಿಲ್ ಕೈಗೆ ಬಂದಾಗ ಗಾಬರಿಯಾದೀತು. ಈ ಮಾತು ನಿಜವೇ? ಅರ್ಧ ಮಾತ್ರ ನಿಜ ಎನ್ನುತ್ತೇವೆ ನಾವು.

200 ಎಂಬುದು ಗರಿಷ್ಠ ಮಿತಿ. 2023ರ ಆದೇಶದಂತೆ, ನಿಮ್ಮ ಮನೆಯ 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಉಚಿತ. ಸರಾಸರಿ 100 ಇದ್ದರೆ 110 ಯೂನಿಟ್ ಉಚಿತ. 130 ಬಳಸಿದರೆ ಹೆಚ್ಚಿನ 20ಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಹಳೆಯ ಲೆಕ್ಕವಿಲ್ಲದ ಹೊಸ ಮನೆಯಾದರೆ? ರಾಜ್ಯದ ಸರಾಸರಿ 53 ಯೂನಿಟ್, ಶೇ 10 ಸೇರಿ 58 ಎಂದು ಆಗ ನಿಗದಿಯಾಗಿತ್ತು.

ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಬಿಲ್ ನೋಡಿ. ಅನುಮಾನವಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.