ನಡೆಯುವಾಗ ಕಿವಿಗೆ ಎಂಥ ಇಯರ್‌ಫೋನ್?

ಸಕ್ಕರೆ ಕಾಯಿಲೆಯವರಿಗೆ ದಿನಾ ಅರ್ಧ ಗಂಟೆ ನಡೆಯಿರಿ ಎಂದು ಹೇಳುತ್ತೇವೆ. ಈಗ ಅನೇಕರು ವೈರ್ ಇಲ್ಲದ ಇಯರ್‌ಫೋನ್ ಹಾಕಿಕೊಂಡು ವಚನ ಗಾಯನ ಕೇಳುತ್ತ ನಡೆಯುತ್ತಾರೆ. ಬೇಸರ ಕಳೆಯುತ್ತದೆ, ಒಳ್ಳೆಯದೇ. ಆದರೆ ನಿಂಬರ್ಗಾದಂಥ ಊರಿನಲ್ಲಿ ನಡಿಗೆ ಎಂದರೆ ರಸ್ತೆಯ ಅಂಚು. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬಂದದ್ದು ಕೇಳಲೇಬೇಕು. ಕಿವಿಯ ತೂತನ್ನು ರಬ್ಬರಿನಿಂದ ಪೂರ್ತಿ ಮುಚ್ಚುವಂಥವು ಹಾಡನ್ನು ಚೆನ್ನಾಗಿ ಕೇಳಿಸುತ್ತವೆ, ಹಾರ್ನ್ ಕೇಳಿಸುವುದಿಲ್ಲ. ಕಿವಿ ಮುಚ್ಚದೆ, ಮೂಳೆಯ ಮೂಲಕ ಕೇಳಿಸುವಂಥವೂ ಸಿಗುತ್ತವೆ. ಅವುಗಳಲ್ಲಿ ತಬಲಾದ ದಪ್ಪ ನಾದ ಕಡಿಮೆ. ಆದರೂ ರಸ್ತೆಗೆ ಅವೇ ಮೇಲು.

ಕೊಳ್ಳುವಾಗ ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿರಿ. ಜಾರಬಾರದು, ಒತ್ತಲೂಬಾರದು. ಬೆವರು ತಡೆಯಲು ಡಬ್ಬಿಯ ಮೇಲೆ ‘ಐಪಿಎಕ್ಸ್ 4’ ಎಂದಿದ್ದರೆ ಸಾಕು. ಹಾಗೆಂದು ನಳದ ಕೆಳಗೆ ತೊಳೆಯಬೇಡಿರಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು; 90 ಆದರೆ ನಾಲ್ಕೇ ಗಂಟೆ. ಪಕ್ಕದವರ ಮಾತು ಕೇಳದಿದ್ದರೆ ಸದ್ದು ತಗ್ಗಿಸಿರಿ.

ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಹೊರಕಿವಿಯ ಸೋಂಕು ತಲೆಬುರುಡೆಯ ಎಲುಬಿನವರೆಗೂ ಇಳಿಯಬಹುದು. ಕಿವಿ ಸೋರಿದರೆ, ರಾತ್ರಿ ನೋವು ಹೆಚ್ಚಾದರೆ ಇಯರ್‌ಫೋನ್ ತೆಗೆದಿಟ್ಟು, ಎಣ್ಣೆ ಬಿಡದೆ ತಕ್ಷಣ ವೈದ್ಯರಿಗೆ ತೋರಿಸಿರಿ.