ಇಲ್ಲದ ಸಿನಿಮಾಕ್ಕೆ ಸಂಗೀತ: ಪರ್ಫ್ಯೂಮ್ ತಂಡದ ‘ನೆಬ್ಯುಲಾ ರೊಮ್ಯಾನ್ಸ್’

ಪರ್ಫ್ಯೂಮ್ ಜಪಾನಿನ ಪಾಪ್ ತಂಡ. 2000ರಲ್ಲಿ ಹಿರೋಶಿಮಾದ ಶಾಲಾ ಬಾಲಕಿಯರಿಂದ ಶುರುವಾಯಿತು. ಆ-ಚಾನ್, ಕಾಶಿಯುಕಾ, ನೊಚ್ಚಿ ಇದರ ಮೂವರು ಗಾಯಕಿಯರು. 2007ರಲ್ಲಿ ‘ಪಾಲಿರಿದಮ್’ ಹಾಡು ಮರುಬಳಕೆಯ ಮಹತ್ವ ಸಾರುವ ಟಿವಿ ಜಾಹೀರಾತಿನಲ್ಲಿ ಬಂದು ಜಪಾನಿನ ಮನೆಮನೆ ತಲುಪಿತು.

2024ರ ಅಕ್ಟೋಬರ್‌ನಲ್ಲಿ ಬಂದ ‘ನೆಬ್ಯುಲಾ ರೊಮ್ಯಾನ್ಸ್’ ಮೊದಲ ಭಾಗದ ಕಲ್ಪನೆಯೇ ಸೊಗಸಾದದ್ದು: ಎಲ್ಲಿಯೂ ಇಲ್ಲದ ಒಂದು ವೈಜ್ಞಾನಿಕ ಕಲ್ಪನಾ ಚಿತ್ರಕ್ಕೆ ಇಡೀ ಆಲ್ಬಮ್ ಹಿನ್ನೆಲೆ ಸಂಗೀತ. ನಿರ್ಮಾಪಕ ಯಾಸುತಾಕಾ ನಕಾತಾ ಇಲ್ಲಿ 1980ರ ದಶಕದ ಸಿಂಥಸೈಸರ್ ನಾದಕ್ಕೆ ಮರಳಿದ್ದಾರೆ. ತಂಡದ ಎಷ್ಟೋ ಹಾಡುಗಳಲ್ಲಿ ಅವರು ಗಾಯಕಿಯರ ದನಿಯನ್ನು ಕಂಪ್ಯೂಟರಿನಲ್ಲಿ ತಿದ್ದಿ, ವಾದ್ಯದಂತೆಯೇ ಬಳಸಿದವರು. ಯಂತ್ರದ ಮೂಲಕ ಹಾದು ಬಂದ ಆ ದನಿಗೆ ಬಾಹ್ಯಾಕಾಶದ ಕಥೆ ಬಹಳ ಚೆನ್ನಾಗಿ ಒಗ್ಗುತ್ತದೆ. ತಂತ್ರಜ್ಞಾನ ಎಷ್ಟೇ ದಟ್ಟವಾಗಿದ್ದರೂ ವಿರಹದ ಎಳೆ ಕೇಳುಗರನ್ನು ಮುಟ್ಟುತ್ತದೆ. ಆಲ್ಬಮ್‌ನ ನಿಜವಾದ ಗೆಲುವು ಇದೇ.

ಬಿಡಿಬಿಡಿಯಾಗಿ ಅಲ್ಲ, ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಕೇಳಬೇಕಾದ ಆಲ್ಬಮ್ ಇದು. ನೃತ್ಯ ಸಂಯೋಜಕಿ ಮಿಕಿಕೋ ಮೂವರ ಚಲನೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಹೆಣೆಯುವವರು, ಹಾಗಾಗಿ ಹಾಡುಗಳನ್ನು ವೇದಿಕೆಯ ಮೇಲೆ ನೋಡುವುದೂ ಅಷ್ಟೇ ಮುಖ್ಯ.

ಕಥೆಯ ಎರಡನೇ ಭಾಗ 2025ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಅದೇ ತಿಂಗಳು, ವರ್ಷದ ಕೊನೆಗೆ ಚಟುವಟಿಕೆ ನಿಲ್ಲಿಸಿ ವಿರಾಮ ತೆಗೆದುಕೊಳ್ಳುವುದಾಗಿ ತಂಡ ಘೋಷಿಸಿತು.